ಜಗದೇವಿಯ ಮೋಡ

ಕಲಬುರಗಿಯ ಕಚೇರಿಗಳಲ್ಲಿ ಚೆನ್ನಾಗಿ ದುಡಿದವರ ತಲೆಯ ಮೇಲೆ ತಂಪಿಗೊಂದು ಮೋಡ ಕಟ್ಟಿಸಿಕೊಡುವುದು ವಾಡಿಕೆ. ಮ್ಯಾನೇಜರ್ ಅಂಬಾರಾಯನ ಬಜೆಟ್ಟಿಗೆ ಸಿಕ್ಕಿದ್ದು ಒಂದೇ ಒಂದು. ಅದೂ ಸೆಕೆಂಡ್ ಹ್ಯಾಂಡ್, ಗೊರಕೆ ಹೊಡೆದಂತೆ ಗುಡುಗುವಂಥದ್ದು. ಬಹಳ ಯೋಚಿಸಿ ಅದನ್ನು ಟಪಾಲು ನೋಡಿಕೊಳ್ಳುವ ಜಗದೇವಿಯ ಕುರ್ಚಿಗೆ ದಾರದಿಂದ ಕಟ್ಟಿಸಿದ. ಉಳಿದವರು ಮುನಿಸಿಕೊಂಡಾರೆಂದು ಅವನಿಗೆ ಹೆದರಿಕೆ. ಅವರೋ, ಹತ್ತೇ ನಿಮಿಷದಲ್ಲಿ ಮೇಜು ಎಳೆದುಕೊಂಡು ಹೋಗಿ ಅವಳ ಸುತ್ತ ಕೂತರು. ಆ ತಂಪು ಬಿಟ್ಟು ಚಹಾಕ್ಕೂ ಯಾರೂ ಏಳಲಿಲ್ಲ. ತಿಂಗಳಿಂದ ಕೊಳೆಯುತ್ತಿದ್ದ ಫೈಲುಗಳೆಲ್ಲ ಸಂಜೆಯೊಳಗೆ ಮುಗಿದವು. ಫ್ಯಾನಿನ ಬಿಸಿಗಾಳಿಯಲ್ಲಿ ಒಬ್ಬನೇ ಬೆಂದ ಅಂಬಾರಾಯ ಕೊನೆಗೆ ನಾಚಿಕೆ ಬಿಟ್ಟು ಕುರ್ಚಿ ಎತ್ತಿಕೊಂಡು ಬಂದ.

"ಜಗದೇವಿಯವರ, ಜರಾ ಸರೀರಿ."

ಜಗದೇವಿ ಟಪಾಲಿನಿಂದ ತಲೆ ಎತ್ತಲಿಲ್ಲ.

"ಮುಂದಿನ ತಿಂಗಳ ಚಲೋ ಕೆಲಸ ಮಾಡ್ರಿ ಸಾಹೇಬ್ರ, ನೋಡೋಣಂತ."