ಬ್ರೇಕ್ ಲೈಟು

ಬ್ಯಾಟರಿ ಬಿಚ್ಚಿ ಬೆಂಚಿನ ಮೇಲಿಟ್ಟಿದ್ದರೂ ಬೈಕಿನ ಬ್ರೇಕ್ ಲೈಟು ಕೆಂಪಗೆ ಉರಿಯುತ್ತಲೇ ಇತ್ತು. ಮೆಕ್ಯಾನಿಕ್ ನೆಲಕ್ಕೆ ಕೂತು ಸ್ವಿಚ್ಚಿನ ವೈರನ್ನೂ ಕಿತ್ತ. ಆಗಲೂ ಆರಲಿಲ್ಲ. ಇದೇನು ಗ್ರಹಚಾರ ಎಂದು ಗೊಣಗಿಕೊಂಡ.

"ಅಮ್ಮಾ, ಸ್ವಲ್ಪ ಇಳೀರಿ," ಎಂದ. ನಿಲ್ಲಲಾಗದೆ ಹಿಂದಿನ ಸೀಟಿನಲ್ಲಿ ಕೂತಿದ್ದ, ಬೈಕು ತಂದ ಹುಡುಗನ ತಾಯಿ ಮೆಲ್ಲಗೆ ಇಳಿದರು. ಲೈಟು ಆರಿತು. ಅವರು ಮತ್ತೆ ಹತ್ತಿದರು, ಲೈಟೂ ಹತ್ತಿತು.

ಬೈಕು ಅವರ ಹಿರಿಮಗನದು. ಅವನು ತೀರಿಕೊಂಡ ಮೇಲೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದುದನ್ನು, ಇನ್ನು ತಾನು ಓಡಿಸುತ್ತೇನೆಂದು ಕಿರಿಯವನು ರಿಪೇರಿಗೆ ತಂದಿದ್ದ. "ಎಲ್ಲೋ ಶಾರ್ಟ್ ಆಗಿರುತ್ತೆ ಬಿಡಿ," ಎಂದ ಅವನು.

"ಶಾರ್ಟೂ ಇಲ್ಲ, ಗೀರ್ಟೂ ಇಲ್ಲ ಕಣೋ," ಎಂದರು ತಾಯಿ. "ನನ್ನ ಮಂಡಿನೋವು ಅವನಿಗೆ ಗೊತ್ತಲ್ಲ. ನಾನು ಹತ್ತಿ ಸರಿಯಾಗಿ ಕೂರೋವರೆಗೂ ನಿಮ್ಮಣ್ಣ ಬ್ರೇಕ್ ಬಿಡ್ತಿರಲಿಲ್ಲ." ಸೆರಗು ಸರಿಪಡಿಸಿಕೊಂಡು, ಮುಂದಿನ ಖಾಲಿ ಸೀಟಿನ ಕಡೆ ಬಾಗಿ, ದಿನವೂ ಆಡುವ ಮಾತಿನಂತೆ ಹೇಳಿದರು: "ಕೂತಾಯ್ತಪ್ಪ, ಹೊರಡು."

ಲೈಟು ಆರಿತು. ಮೆಕ್ಯಾನಿಕ್ಕಿನ ಕಣ್ಣೆದುರೇ ಬ್ರೇಕ್ ಪೆಡಲು, ಯಾರೋ ಪಾದ ತೆಗೆದ ಹಾಗೆ, ನಿಧಾನವಾಗಿ ಮೇಲೆದ್ದಿತು.