ಹಸಿರು ಚುಕ್ಕಿ

ನಗರಸಭೆಯ ಬಜೆಟ್ಟಿನಲ್ಲಿ ಯಾವ ಕೆಲಸ ಮೊದಲಾಗಬೇಕೆಂದು ಬೀದಿಯವರೇ ಚುಕ್ಕಿ ಅಂಟಿಸಿ ಆರಿಸುವ ದಿನ. ‘ಚರಂಡಿ ಮುಚ್ಚಿಸುವುದು’ ಎಂಬ ಸಾಲಿಗೆ ಹಸಿರು ಚುಕ್ಕಿ ಅಂಟಿಸಲು ಟೈಲರಕ್ಕ ಕೈಯೆತ್ತಿದ್ದೇ ತಡ, ಗೋಡೆಗೆ ಹಚ್ಚಿದ್ದ ಹಾಳೆಯ ಮೂಲೆ ಕಳಚಿ ಮಡಚಿಕೊಂಡಿತು. ಹಾಳೆಯ ಬೆನ್ನಲ್ಲೂ ಚುಕ್ಕಿಗಳು! ತನ್ನ ಅತ್ತೆ ಆ ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಹೋದ ವರ್ಷ ಅಕ್ಕ ಮನೆಮನೆ ಅಲೆದು ಬೀದಿಯವರಿಂದ ಹಾಕಿಸಿದ್ದ ಚುಕ್ಕಿಗಳು.

“ಸಾರ್, ಇದು ನಮ್ ಹೋದ್ ವರ್ಷದ್ದಲ್ವಾ?”

“ಹೌದಮ್ಮ. ಹಿಂದ್ಗಡೆ ಖಾಲಿ ಇತ್ತು. ಹೊಸ ಹಾಳೆ ಯಾಕೆ ದಂಡ, ನಿಮ್ದೇ ತೆರಿಗೆ ದುಡ್ಡಲ್ವಾ?” ಗುಮಾಸ್ತ ಗೋಂದು ಸವರಿ ಮೂಲೆಯನ್ನು ಒತ್ತಿದ. “ಬೇಗ ಅಂಟ್ಸಿ, ಜನ ಕಾಯ್ತಿದಾರೆ.”

ಅಕ್ಕ ತಿರುಗಿ ನೋಡಿದಳು. ಬೀದಿಗೆ ಬೀದಿಯೇ ಬೆರಳ ತುದಿಯಲ್ಲಿ ಚುಕ್ಕಿ ಹಿಡಿದು ಸಾಲಾಗಿ ನಿಂತಿತ್ತು.

“ಏನಂತೆ ಅಕ್ಕಾ? ಈ ಸಲ ಆಗತ್ತಂತಾ?” ಸಾಲಿನಿಂದ ಯಾರೋ ಕೇಳಿದರು.

“ಹ್ಞೂಂ, ಆಗತ್ತಂತೆ,” ಎಂದು ಅಕ್ಕ ತನ್ನ ಚುಕ್ಕಿಯನ್ನು ಒತ್ತಿದಳು.