ಎರಡನೇ ಚಮಚ

ಮೊದಲ ಬಾಟಲಿಗೆ ಮರ್ವಿನ್ ಮತ್ತೆ ಒಂದು ಚಮಚ ಸಕ್ಕರೆ ಹಾಕಿದ್ದನ್ನು ಗ್ಲೆನಿಸ್ ನೋಡಿದಳು. ಸಾಲಾಗಿಟ್ಟ ಬಾಟಲಿಗಳಿಗೆಲ್ಲ ಅವನು ಆಗಲೇ ಒಂದು ಸುತ್ತು ಸಕ್ಕರೆ ಹಾಕಿ ಮುಗಿಸಿದ್ದ. ಹೋಬಾರ್ಟ್‌ನ ಅವರ ಶೆಡ್ಡಿನಲ್ಲಿ ಇದು ಮೊದಲ ಬಿಯರು. ಮನೆಯಲ್ಲೇ ಬಿಯರು ಮಾಡುವ ಕಿಟ್ ತಂದು, ಬಕೆಟ್ಟಿನಲ್ಲಿ ಹುದುಗಿಸಿ, ಇವತ್ತು ಗಂಡ ಹೆಂಡತಿ ಸೇರಿ ಬಾಟಲಿಗಳಿಗೆ ತುಂಬಿದ್ದರು.

“ಸಕ್ಕರೆ ಹಾಕಿ ಆಯ್ತಲ್ಲ, ಮರ್ವ್?”

“ನಿಂಗೇನ್ ಗೊತ್ತು, ಮಾರಾಯ್ತಿ! ಬಾಟಲಿಗೆ ಒಂದೇ ಚಮಚ. ಎರಡು ಬಿತ್ತೋ, ಗ್ಯಾಸ್ ಜಾಸ್ತಿಯಾಗಿ ಗಾಜೇ ಸಿಡಿಯುತ್ತೆ. ನೆನಪಿಟ್ಕೋ,” ಎನ್ನುತ್ತ ಎರಡನೇ ಬಾಟಲಿಗೂ ಸುರಿದ. ಒಂದು ಕಾಳೂ ಆಚೆ ಚೆಲ್ಲಲಿಲ್ಲ. ಔಷಧಿ ಅಂಗಡಿಯಲ್ಲಿ ದಿನವೂ ಅಳೆದು ಪಳಗಿದ ಕೈ ಅದು.

ಗ್ಲೆನಿಸ್ ಮೂರನೇ ಬಾಟಲಿಯ ಬಾಯಿಗೆ ಅಂಗೈ ಮುಚ್ಚಿದಳು. ಸಕ್ಕರೆ ಅವಳ ಕೈಮೇಲೆ ಬಿತ್ತು.

“ಏನ್ ತಮಾಷೆ ಇದು? ಕೈ ತೆಗಿ.”

ಅವಳು ತೆಗೆಯಲಿಲ್ಲ. ಅವನು ಅವಳ ಮುಖ ನೋಡಿದ, ಆಮೇಲೆ ಬಾಟಲಿಗಳನ್ನು. ಈಗ ಹಾಕಿದ ಎರಡರಲ್ಲೂ ನೊರೆ ಉಕ್ಕಿ ಹೊರಗಿಳಿಯುತ್ತಿತ್ತು. ಉಳಿದವುಗಳ ಕುತ್ತಿಗೆಯ ಮೇಲೆ ಮೊದಲ ಸುತ್ತಿನ ನೊರೆ ಆಗಲೇ ಒಣಗಿತ್ತು. ಅವನ ನಗು ನಿಂತಿತು.

“ನಿನ್ನೆ ಒಂದು ಕೂಸಿಗೆ ಔಷಧಿ ಬೆರೆಸಿ ಕೊಟ್ಟೆ, ಗ್ಲೆನ್,” ಎಂದ.